ಮುಧೋಳದ ಬೇಟೆನಾಯಿಗೆ ಒಂದು ಕನ್ನಡದ ಹೆಸರು

ಮನೆಯಲ್ಲಿ ಮಗು ಹುಟ್ಟಿದರೆ ಹೆಸರಿಡುವುದು ನಮ್ಮಲ್ಲಿ ಒಂದು ಸಂಸ್ಕಾರ. ತೊಟ್ಟಿಲು ಕಟ್ಟಿ, ಗುರುಹಿರಿಯರನ್ನು ಬರಮಾಡಿಕೊಂಡು, ತಾಯಂದಿರು ಜೋಗುಳ ಹಾಡಿದ ಮೇಲೆ ಮಗುವಿನ ಕಿವಿಯಲ್ಲಿ ಹೆಸರನ್ನು ಉಸುರುತ್ತೇವೆ. ಒಕ್ಕಲುತನದ ಮನೆಗಳಲ್ಲಿ ಈ ಅಕ್ಕರೆ ದನಕರುಗಳಿಗೂ ಸಲ್ಲುತ್ತದೆ. ಎತ್ತನ್ನು ಬಸವನೆನ್ನುತ್ತೇವೆ, ಆಕಳನ್ನು ಗೌರಿ, ಗಂಗೆ ಎಂದು ಕರೆಯುತ್ತೇವೆ. ಆದರೆ ಹಗಲಿರುಳು ಬಾಗಿಲು ಕಾಯುವ ನಾಯಿಯ ಸರದಿ ಬಂದಾಗ ಮಾತ್ರ ನಮಗೆ ಕನ್ನಡ ಮರೆತುಹೋಗುತ್ತದೆ. ಟಾಮಿ, ರಾಕಿ, ಟೈಗರ್ ಎಂಬ ಹೆಸರುಗಳೇ ನಾಲಗೆಯ ತುದಿಗೆ ಬರುತ್ತವೆ. ಹೊರನಾಡಿನ ತಳಿಗೆ ಹೊರನಾಡಿನ ಹೆಸರು ಸಹಜವೆಂದೇ ಇಟ್ಟುಕೊಳ್ಳೋಣ. ನಮ್ಮ ಕರಿಮಣ್ಣಿನಲ್ಲಿಯೇ ಹುಟ್ಟಿ ಬೆಳೆದ ಮುಧೋಳದ ಬೇಟೆನಾಯಿಗೂ ಅದೇ ಗತಿಯಾಗಬೇಕೆ?

ಇದು ಹಗುರವಾದ ವಿಷಯವೆಂದು ಓದುಗ ಬಂಧುಗಳು ಭಾವಿಸಬಹುದು. ಮುಧೋಳದ ಸೀಮೆಯಲ್ಲಿ ಒಂದು ದಿನ ಕಳೆದು ಬಂದ ಮೇಲೆ, ಇದರೊಳಗೆ ಮನೆತನದ ಮರ್ಯಾದೆಯೂ ದಯೆಯೂ ಕೂಡಿದ ಒಂದು ಸೂಕ್ಷ್ಮವಿದೆಯೆಂದು ನಮಗೆ ತೋರಿತು. ಅದನ್ನೇ ಇಲ್ಲಿ ನಿವೇದಿಸುತ್ತಿದ್ದೇವೆ.

ರನ್ನನ ಊರು, ನಾಯಿಯ ಊರು

ಕೂಡಲಸಂಗಮದ ದರ್ಶನಕ್ಕೆ ಬರುವ ಭಕ್ತರಿಗೆ ಮುಧೋಳ ಬಹಳ ದೂರದ ಊರಲ್ಲ. ಎರಡೂ ಬಾಗಲಕೋಟೆ ಜಿಲ್ಲೆಗೇ ಸೇರಿದವು. ಬಾಗಲಕೋಟೆಯಿಂದ ಕಲಾದಗಿ, ಲೋಕಾಪುರಗಳನ್ನು ಹಾಯ್ದು ಹೋದರೆ ದಾರಿಯ ಇಕ್ಕೆಲಗಳಲ್ಲಿ ಎರೆಭೂಮಿ, ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಸಾಗುವ ಬಂಡಿಗಳು ಕಾಣುತ್ತವೆ. ಘಟಪ್ರಭೆಯ ನೀರು ಈ ಸೀಮೆಯ ಭಾಗ್ಯ. ಹಳೆಗನ್ನಡದಲ್ಲಿ ಈ ಊರು ಮುದುವೊಳಲು. 'ಪೊಳಲು' ಎಂದರೆ ಪಟ್ಟಣ. ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿಯೆನಿಸಿದ ರನ್ನನ ಜನ್ಮಭೂಮಿ ಇದು.

ಮುಂದೆ ಈ ಊರು ಘೋರ್ಪಡೆ ಅರಸರ ಸಂಸ್ಥಾನವಾಯಿತು; 1948ರಲ್ಲಿ ಆಗಿನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆ ಅರಸರ ಮನೆತನದ ಹೆಸರೇ ಒಂದು ಪ್ರಾಣಿಯಿಂದ ಬಂದುದು. ಮರಾಠಿಯಲ್ಲಿ ಘೋರ್ಪಡ ಎಂದರೆ ಉಡ. ಪೂರ್ವಜರೊಬ್ಬರು ಉಡಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಏರಿದರೆಂದೂ, ಅದರ ನೆನಪಿಗಾಗಿ ಬಹಮನಿ ಸುಲ್ತಾನರಿಂದ ಆ ಬಿರುದು ದೊರೆಯಿತೆಂದೂ ಐತಿಹ್ಯ. ಕಾರವಾನಿ ಎಂದೂ ಬೇಟೆನಾಯಿ ಎಂದೂ ಜನರು ಕರೆಯುತ್ತಿದ್ದ ತಳಿಯನ್ನು ಅಕ್ಕರೆಯಿಂದ ಪೋಷಿಸಿದವರೂ ಇದೇ ಮನೆತನದವರು. ಶ್ರೀಮಂತ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ನಾಯಿಗಳನ್ನು ಕಾಣಿಕೆಯಾಗಿ ಕೊಟ್ಟರೆಂದೂ, 'ಮುಧೋಳ ಹೌಂಡ್' ಎಂಬ ಹೆಸರು ಆ ದೊರೆಯ ಬಾಯಿಂದ ಬಂದಿತೆಂದೂ ಇಲ್ಲಿನವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಹೆಸರಿನ ಜಗ್ಗಾಟ ಅಲ್ಲಿಗೇ ಮುಗಿಯಲಿಲ್ಲ. ದೇಶದ ಎರಡು ಶ್ವಾನ ಸಂಸ್ಥೆಗಳ ದಾಖಲೆಗಳಲ್ಲಿ ಒಂದು ಇದನ್ನು ಕ್ಯಾರವಾನ್ ಹೌಂಡ್ ಎಂದು ಬರೆದರೆ, ಇನ್ನೊಂದು ಮುಧೋಳ ಹೌಂಡ್ ಎಂದು ಬರೆಯಿತು. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಮುಧೋಳದ ಹೆಸರಿಗೇ ಮನ್ನಣೆ ಸಿಕ್ಕಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರವನ್ನು ನಡೆಸುತ್ತಾರೆ. 2016ರಲ್ಲಿ ಈ ನಾಯಿಗಳು ಮೀರತ್ತಿನ ಸೇನಾ ತರಬೇತಿ ಕೇಂದ್ರಕ್ಕೂ ಹೋದವು. ಹೀಗೆ ನಾಯಿಯಿಂದ ಊರಿಗೂ ಊರಿನಿಂದ ನಾಯಿಗೂ ಕೀರ್ತಿ ಬಂದಿದೆ; ಮರಿಗಳನ್ನು ಸಾಕಿ ಮಾರುವ ಎಷ್ಟೋ ಬಡ ಕುಟುಂಬಗಳಿಗೆ ಎರಡು ಹೊತ್ತಿನ ಊಟವೂ ದೊರೆತಿದೆ.

ಒಂದು ಮರಿ, ಮೂರು ಮನಸ್ಸು

ಅಂಥದೊಂದು ಕುಟುಂಬದ ಅಂಗಳಕ್ಕೆ ನಾವು ಹೋದುದು ಧಾರವಾಡದ ಭಕ್ತರ ಮನೆಯವರೊಡನೆ. ಸಂಗಮನಾಥನ ದರ್ಶನ ಮುಗಿಸಿದ ಅವರು ತಮ್ಮ ತೋಟದ ಮನೆಗೊಂದು ಮರಿಯನ್ನು ಒಯ್ಯಬೇಕೆಂದಿದ್ದರು. ಅಜ್ಜಿ, ಮಗ, ಹತ್ತು ವರ್ಷದ ಮೊಮ್ಮಗ, ಜೊತೆಗೆ ನಾವು.

ಅಂಗಳದಲ್ಲಿ ಬೆಳೆದ ನಾಯಿಗಳು ನಮ್ಮನ್ನು ದೂರದಿಂದಲೇ ಅಳೆಯುತ್ತಿದ್ದವು. ಸುಮಾರು 70 ಸೆಂಟಿಮೀಟರ್ ಎತ್ತರ, ನೀಳವಾದ ಮುಖ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, ಬಿಲ್ಲಿನಂತೆ ಬಿಗಿದ ಕಾಲು. ಇವು ಮೂಸಿ ಬೇಟೆಯಾಡುವ ನಾಯಿಗಳಲ್ಲ. ಕಣ್ಣಿನಿಂದ ಕಂಡು ಓಡಿ ಹಿಡಿಯುವಂಥವು. ಪರಕೀಯರು ಮುಟ್ಟುವುದನ್ನು ಸಹಿಸುವುದಿಲ್ಲ. ಕಂದುಬಣ್ಣದ ಒಂದು ಹೆಣ್ಣುಮರಿ ಮಾತ್ರ ಹುಡುಗನ ಕಾಲ ಬಳಿಗೆ ಬಂದು ಕುಳಿತಿತು. ಮರಿಯ ಆಯ್ಕೆ ಹಾಗೆ ತಾನಾಗಿಯೇ ಆಯಿತು. ಹೆಸರಿನ ಮಾತು ಬಂದಾಗ ತೊಡಕು ಹುಟ್ಟಿತು.

"ಬಸು ಅಂತ ಇಡೂಣು" ಎಂದ ಹುಡುಗ.

ಅಜ್ಜಿಯ ಮುಖ ಬಾಡಿತು. ತೀರಿಹೋಗಿ ಒಂದು ವರ್ಷವಾಗಿದ್ದ ಅವರ ಯಜಮಾನರ ಹೆಸರದು. ಒಡಪಿನಲ್ಲಿ ಹೊರತು ಗಂಡನ ಹೆಸರನ್ನು ಎಂದೂ ಹೇಳದ ತಾಯಿ ಅವರು. "ಆ ಹೆಸರ ನನ್ನ ಬಾಯಾಗ ಹೆಂಗ ಬರಬೇಕು? ಅದೂ ನಾಯಿಗೆ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸುಮ್ನ ರಾಕಿ ಅಂತ ಇಟ್ಟಬಿಡೂಣು, ಜಗಳ ಮುಗೀತೈತಿ" ಎಂದು ಮಗ ಅವಸರಪಟ್ಟ.

ಹುಡುಗ ಹಟಮಾರಿಯಲ್ಲ. ತಲೆ ತಗ್ಗಿಸಿ ಮೆಲ್ಲಗೆ ಹೇಳಿದ: "ಅಜ್ಜ ಹೋದಮ್ಯಾಲ ಮನ್ಯಾಗ ಆ ಹೆಸರ ಯಾರೂ ಕರಿಯೂದಿಲ್ಲ. ನಾ ದಿನಾ ಕರೀಬೇಕಂತ ಮಾಡಿದ್ದೆ." ಅಂಗಳದಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯೇ "ಶಾಸ್ತ್ರಿಗಳ್ರಿ, ನೀವಽ ಹೇಳ್ರಿ" ಎಂದರು.

ಆತಕೂರಿನ ಕಲ್ಲು

ನಾವು ಮೊದಲು ಹುಡುಗನಿಗೆ ಒಂದು ಕಲ್ಲಿನ ಕಥೆ ಹೇಳಿದೆವು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ದೊರೆತ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಶಕವರ್ಷ 872, ಎಂದರೆ ಕ್ರಿ.ಶ. 949-50; ರನ್ನ ಹುಟ್ಟಿದ ಕಾಲ. ಕಲ್ಯಾಣದ ಶರಣರಿಗಿಂತ ಸುಮಾರು 200 ವರ್ಷ ಹಿಂದಿನದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಪರವಾಗಿ ಹೋರಾಡಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ತನ್ನ ಭಟನಿಗೆ ಬೂತುಗನು ಬೇಕಾದುದನ್ನು ಕೇಳೆಂದಾಗ, ಆ ವೀರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದನು.

ಆ ಕಾಳಿ ಬೆಳತೂರಿನ ಬೆಟ್ಟದ ಬಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಅದನ್ನು ಕೊಂದು, ತಾನೂ ಸತ್ತಿತು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿ, ಭೂಮಿಯನ್ನು ದತ್ತಿ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರವಿದೆ. ಅಲ್ಲಿನ ಗೊರವನು ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ದೋಷ ತಟ್ಟುವುದೆಂಬ ಎಚ್ಚರಿಕೆಯನ್ನೂ ಬರೆಯಿಸಿದರು.

ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೂ ಹೋದ ನಾಯಿಯನ್ನು ನಾವೆಲ್ಲ ಬಲ್ಲೆವು; ಅದನ್ನು ಹೆಸರು ಹಿಡಿದು ನೆನೆಯುವವರಿಲ್ಲ. ಕಾಳಿಗೆ ಹೆಸರಿತ್ತು. ಹೆಸರಿದ್ದುದರಿಂದಲೇ ಸಾವಿರ ವರ್ಷ ಕಳೆದರೂ ಅದು ಬರಿಯ ನಾಯಿಯಾಗಿ ಉಳಿಯದೆ ಕಾಳಿಯಾಗಿ ಉಳಿದಿದೆ. ಅದೇನೂ ಬಿರುದಾವಳಿಯಂಥ ಉದ್ದನೆಯ ಹೆಸರಲ್ಲ. ಎರಡಕ್ಷರ, ಕಪ್ಪು ಎಂಬ ಅರ್ಥದ ಮೂಲದಿಂದ ಬಂದುದು.

ಹೆಸರಿನ ಧರ್ಮ

ಬಳಿಕ ಅಜ್ಜಿಗೆ ಹೇಳಿದೆವು: ನಾಯಿ ಕೀಳು ಪ್ರಾಣಿಯಾದುದರಿಂದ ಹಿರಿಯರ ಹೆಸರು ಬೇಡವೆಂದು ನಾವು ಹೇಳುವುದಿಲ್ಲ. ಭೈರವನಿಗೆ ಅದು ವಾಹನ, ಮೈಲಾರಲಿಂಗನಿಗೆ ಸಂಗಾತಿ. ಕಾರಣ ಬೇರೆಯಿದೆ. ನಾಯಿಯ ಹೆಸರು ಆಜ್ಞೆಯ ಹೆಸರು. 'ಕೂಡು' ಎನ್ನುವಾಗ, 'ಬ್ಯಾಡ' ಎಂದು ಗದರುವಾಗ, ಸಿಟ್ಟಿನಲ್ಲಿ ಕೂಗುವಾಗ ಆ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಪೂಜೆಯಲ್ಲಿ ನೆನೆಯುವ ನಾಮವನ್ನು ಸಿಟ್ಟಿನಲ್ಲಿ ಕೂಗುವಂತಾಗಬಾರದು. ಆದುದರಿಂದ ಶರಣರ, ಗುರುಗಳ, ಮನೆಯ ಹಿರಿಯರ ಹೆಸರುಗಳನ್ನು ಮಕ್ಕಳಿಗಾಗಿ ಕಾದಿಡುವುದು ಲೇಸು. ರನ್ನ ಎಂಬ ಸುಂದರ ನಾಮವೂ ಮುಧೋಳದ ಮಗುವಿಗೇ ಇರಲಿ. ಹಾಗೆಯೇ ಅನ್ಯ ಮತದವರ, ಅನ್ಯ ಕುಲದವರ, ಮನಸ್ತಾಪವಿರುವ ನೆರೆಯವರ ಹೆಸರನ್ನು ಹಂಗಿಸುವುದಕ್ಕಾಗಿ ನಾಯಿಗಿಡುವುದು ಮಾತಿನಿಂದ ಮಾಡುವ ಹಿಂಸೆ.

ಅಷ್ಟರಲ್ಲಿ ಮರಿ ಸಾಕಿದ ಹಿರಿಯರು ತಮ್ಮ ಅನುಭವ ಸೇರಿಸಿದರು: "ಹೆಸರ ಸಣ್ಣದಿರಬೇಕ್ರಿ. ಇದು ಓಡಾಕ ಹತ್ತಿದರ ಕಣ್ಣ ಮುಚ್ಚಿ ತೆಗಿಯೂದರಾಗ ಹೊಲ ದಾಟಿರತೈತಿ. ಉದ್ದ ಹೆಸರ ಕೂಗಿ ಮುಗಿಸೂದರಾಗ ನಾಯಿ ಕಾಣಂಗಿಲ್ಲ." ಇದಕ್ಕಿಂತ ಒಳ್ಳೆಯ ಲಕ್ಷಣಶಾಸ್ತ್ರ ನಮಗೆ ತಿಳಿಯದು. ಎರಡು ಮೂರು ಅಕ್ಷರ, ಎಳೆದು ಕೂಗಲು ಬರುವ ಕೊನೆಯ ಸ್ವರ, ಮನೆಯ ಇನ್ನೊಬ್ಬರ ಹೆಸರಿನೊಡನೆ ಗೊಂದಲವಾಗದ ಉಚ್ಚಾರ. ಇಂಥ ಹೆಸರುಗಳಿಗೆ ಕನ್ನಡದಲ್ಲಿ ಬರವಿಲ್ಲ. ಬಣ್ಣದಿಂದ ಕೆಂಚ, ಕರಿಯ, ಕಾಳಿ. ವೇಗದಿಂದ ಗಾಳಿ, ಮಿಂಚು, ಬಾಣ. ಧೈರ್ಯದಿಂದ ಹುಲಿಯ, ಸಿಡಿಲ. ನಂಬಿಕೆಗೆ ಹಳೆಗನ್ನಡದ 'ನಚ್ಚು' ಎಂಬ ಮಾತಿನಿಂದ ನಚ್ಚ.

ಹುಡುಗನ ಮನಸ್ಸು ಇನ್ನೂ ಅಜ್ಜನಲ್ಲಿಯೇ ಇತ್ತು. ಆಗ ನಾವು ಅಜ್ಜಿಯನ್ನು ಕೇಳಿದೆವು: "ಯಜಮಾನರ ಹೆಸರು ಬೇಡ, ಅವರ ಬಾಯಲ್ಲಿದ್ದ ಮಾತೊಂದು ಇದ್ದರೆ ಹೇಳಿರಿ, ತಾಯಿ."

ಅಜ್ಜಿ ಸ್ವಲ್ಪ ಹೊತ್ತು ಮರಿಯನ್ನೇ ನೋಡಿದರು. "ಇಂವ ಸಣ್ಣಾಂವ ಇದ್ದಾಗ ಅಂಗಳದಾಗ ಓಡಿದರ, ಅವರು ಕಟ್ಟಿಮ್ಯಾಲ ಕುಂತು 'ನೋಡಽ ನಮ್ಮ ಚಿಗರಿ' ಅಂತಿದ್ರು" ಎಂದರು.

ಹುಡುಗ ಬೆರಗಾದ. "ಅದು ನಮ್ಮೂರ ಬಸ್ಸಿನ ಹೆಸರಲ್ಲಾ?" ಎಂದು ಕೇಳಿದಾಗ ಎಲ್ಲರಿಗೂ ನಗು ಬಂದಿತು. ಹುಬ್ಬಳ್ಳಿ ಧಾರವಾಡದ ನಡುವೆ 2018ರಲ್ಲಿ ಓಡತೊಡಗಿದ ತ್ವರಿತ ಬಸ್ಸುಗಳಿಗೆ ಇದೇ ಹೆಸರು. ಬಸ್ಸಿಗಿಂತ ಮೊದಲು ಅದು ನಮ್ಮ ಬಯಲುಸೀಮೆಯ ಕೃಷ್ಣಮೃಗದ ಹೆಸರೆಂದು ಅವನಿಗೆ ತಿಳಿಯಿತು. ತನ್ನನ್ನೇ ಅಜ್ಜ ಹಾಗೆ ಕರೆಯುತ್ತಿದ್ದರೆಂಬುದೂ ಅಂದೇ ತಿಳಿಯಿತು.

ಮರಿ ಸಾಕಿದ ಹಿರಿಯರದೊಂದು ತಕರಾರು ಉಳಿದಿತ್ತು. "ಚಿಗರಿ ಬೆನ್ನ ಹತ್ತೂ ನಾಯಿಗೆ ಚಿಗರೀದಽ ಹೆಸರೇನ್ರಿ?" ಎಂದರು. ಅದಕ್ಕೆ ನಾವೆಂದೆವು: "1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಚಿಗರಿಯನ್ನು ಬೇಟೆಯಾಡುವುದು ಅಪರಾಧ. ಬೇಟೆ ನಿಂತಿತು, ಓಟ ಉಳಿಯಿತು. ತಲೆಮಾರುಗಳ ಹಗೆ ಹೆಸರಿನಲ್ಲಾದರೂ ಕರಗಲಿ." ಅವರು ನಕ್ಕು ಮರಿಯನ್ನೆತ್ತಿ ಅಜ್ಜಿಯ ಮಡಿಲಿಗೆ ಕೊಟ್ಟರು. "ಬಾರವ್ವಾ, ಚಿಗರಿ" ಎಂದು ಮೊದಲು ಕರೆದವರು ಅಜ್ಜಿಯೇ.

ಮನೆಮಂದಿಗೆ ಒಂದು ಮಾತು

ಮನೆಯ ಹಿರಿಯರಿಂದ ಕಿರಿಯರವರೆಗೆ ಎಲ್ಲರೂ ಸಂಕೋಚವಿಲ್ಲದೆ, ಪ್ರೀತಿಯಿಂದ ಕರೆಯಬಲ್ಲ ಹೆಸರೇ ಒಳ್ಳೆಯ ಹೆಸರು. ಅದನ್ನು ಅಂಗಡಿಯಿಂದ ತರಬೇಕಾಗಿಲ್ಲ, ಪರದೇಶದಿಂದ ತರಬೇಕಾಗಿಲ್ಲ; ಮನೆಯ ಹಿರಿಯರ ನೆನಪಿನಲ್ಲಿ, ಹೊಲದ ಬದುವಿನಲ್ಲಿ, ಹಳೆಯ ಕಲ್ಲಿನ ಮೇಲೆ ಅದು ಸಿಗುತ್ತದೆ.

ಹೆಸರಿಟ್ಟವರ ಮೇಲೆ ಹೊಣೆಯೂ ಇದೆ. ಓಡುವುದಕ್ಕೆಂದೇ ಹುಟ್ಟಿದ ಮುಧೋಳದ ನಾಯಿಯನ್ನು ಪ್ರತಿಷ್ಠೆಗಾಗಿ ಪಟ್ಟಣಕ್ಕೆ ಒಯ್ದು, ಮೂರು ಮೊಳದ ಸರಪಳಿಯಲ್ಲಿ ಕಟ್ಟಿ, ಬೇಸರವಾದಾಗ ಬೀದಿಗೆ ಬಿಡುವವರನ್ನೂ ಕೇಳಿದ್ದೇವೆ. ಓಡಲು ಜಾಗವಿಲ್ಲದವರು ಈ ತಳಿಯನ್ನು ತರದಿರುವುದೇ ದಯೆ. ತಂದವರು ಹೆಸರಿಟ್ಟ ದಿನದಿಂದಲೇ ಅದು ಮನೆಯ ಒಂದು ಜೀವವೆಂದು ತಿಳಿಯಬೇಕು. ಆತಕೂರಿನ ಗೊರವನು ಸತ್ತ ನಾಯಿಯ ಕಲ್ಲಿಗೆ ಪೂಜೆ ಸಲ್ಲಿಸಿ ಉಣ್ಣಬೇಕಾಗಿತ್ತು. ನಮ್ಮ ಅಂಗಳದಲ್ಲಿರುವುದು ಉಸಿರಾಡುವ ಜೀವ. ಅದರ ಬಟ್ಟಲು ತುಂಬಿದೆಯೇ ಎಂದು ನೋಡಿ ನಾವು ಊಟಕ್ಕೆ ಕೂಡುವುದು ಲೇಸು.