ದೇಶಕಾಲ ಸಂಕೀರ್ತನ

ಯಾವ ಶುಭಕರ್ಮಕ್ಕೂ ಮೊದಲು ಕರ್ತೃವು ತಾನು ಯಾವ ಕಾಲದಲ್ಲಿ, ಯಾವ ದೇಶದಲ್ಲಿ ಇರುವೆನೆಂಬುದನ್ನು ಉಚ್ಚರಿಸಬೇಕೆಂಬುದು ನಮ್ಮ ಹಿರಿಯರ ವಿಧಿ. ನಮ್ಮ ಕಡೆಯ ಮನೆಗಳಲ್ಲಿ ದಂಡಕಾರಣ್ಯ, ಗೋದಾವರಿಯ ದಕ್ಷಿಣತೀರ ಎಂಬ ಮಾತುಗಳು ಬಾಯಿಪಾಠವಾಗಿವೆ. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯವರು ಹೀಗೆನ್ನುವುದು ಸುಳ್ಳೇನೂ ಅಲ್ಲ. ಆದುದರಿಂದಲೇ ಅದರ ಅರ್ಥವನ್ನು ಯಾರೂ ಆಲೋಚಿಸುವುದಿಲ್ಲ.

ಮಾನವಿಯ ಪುರೋಹಿತರೊಬ್ಬರಿಗೆ 78ನೆಯ ವಯಸ್ಸಿನಲ್ಲಿ ಅದನ್ನು ಆಲೋಚಿಸುವ ಪ್ರಸಂಗ ಒದಗಿತು. ಬ್ಯಾಂಕಾಕಿನಲ್ಲಿ ಉದ್ಯೋಗದಲ್ಲಿದ್ದ ಮೊಮ್ಮಗನು ಆ ದೇಶದ ಕನ್ಯೆಯನ್ನೇ ವರಿಸುವೆನೆಂದು ತಿಳಿಸಿದನು. ಮೂರು ತಿಂಗಳು ಅಜ್ಜ ಅವನೊಡನೆ ಮಾತನಾಡಲಿಲ್ಲ. ಸಮುದ್ರಯಾನವು ಕಲಿವರ್ಜ್ಯವೆಂಬುದು ಹೊರಗೆ ಹೇಳಿದ ಕಾರಣ. ತಮ್ಮನ್ನು ಕೇಳದೆ ನಿಶ್ಚಯಿಸಿದನೆಂಬುದು ಒಳಗಿನದು. ಕಡೆಗೆ ಹುಡುಗನೇ ಫೋನು ಮಾಡಿ, “ಅಜ್ಜಾ, ಮಂತ್ರ ಹೇಳುವವರು ಇಲ್ಲಿಯೂ ಸಿಗುತ್ತಾರೆ. ನನ್ನ ಗೋತ್ರವನ್ನು ನಿಮ್ಮ ಬಾಯಿಂದ ಕೇಳಬೇಕು” ಎಂದನು. ಅಂದು ರಾತ್ರಿ ಅಜ್ಜಿ ಶೇಂಗಾ ಚಟ್ನಿಪುಡಿ ಕುಟ್ಟಲಾರಂಭಿಸಿದರು. ಅಜ್ಜ ಪಂಚಾಂಗವನ್ನು ತೆಗೆದರು.

ಮುಹೂರ್ತವನ್ನು ಹೊಸದಾಗಿ ಗಣಿಸಬೇಕಾಯಿತು. ರಾಯಚೂರಿಗೂ ಬ್ಯಾಂಕಾಕಿಗೂ ರೇಖಾಂಶದಲ್ಲಿ ಸುಮಾರು 23 ಅಂಶಗಳ ಅಂತರ. ಅಂಶಕ್ಕೆ 4 ನಿಮಿಷದಂತೆ ಸೂರ್ಯನು ಅಲ್ಲಿ ಒಂದೂವರೆ ಗಂಟೆ ಮೊದಲೇ ನೆತ್ತಿಗೇರುತ್ತಾನೆ. ದೇಶಾಂತರ ಸಂಸ್ಕಾರವನ್ನು ಪಾಠಶಾಲೆಯಲ್ಲಿ ಕಲಿತು ಅರುವತ್ತು ವರ್ಷವಾಗಿತ್ತು. ಅದು ಉಪಯೋಗಕ್ಕೆ ಬಂದುದು ಅಂದೇ.

ಹೈದರಾಬಾದಿನಿಂದ ಹೊರಟ ವಿಮಾನವು ಇಳಿದ ನಿಲ್ದಾಣದ ಹೆಸರು ‘ಸುವರ್ಣಭೂಮಿ’. 2006ರಲ್ಲಿ ತೆರೆದ ಆ ನಿಲ್ದಾಣದೊಳಗೆ ದೇವಾಸುರರು ಸಮುದ್ರವನ್ನು ಮಥಿಸುತ್ತಿರುವ ದೊಡ್ಡ ಶಿಲ್ಪವಿದೆ. 1782ರಲ್ಲಿ ರಾಜಧಾನಿಯಾದ ಆ ಊರನ್ನು ಅಲ್ಲಿಯ ಜನ ‘ಕ್ರುಂಗ್ ಥೇಪ್ ಮಹಾನಖೋನ್’ ಎನ್ನುತ್ತಾರೆ. ಥೇಪ್ ಎಂದರೆ ದೇವ, ನಖೋನ್ ಎಂದರೆ ನಗರ. ಇವನ್ನೆಲ್ಲ ಕಂಡೂ ಅಜ್ಜನ ಮುಖ ಸಡಿಲಲಿಲ್ಲ. ಹೆಸರು ನಮ್ಮದಾದ ಮಾತ್ರಕ್ಕೆ ಮನೆ ನಮ್ಮದಾಗುವುದೆ?

ಮದುವೆಯ ಬೆಳಗ್ಗೆ ಆ ದೇಶದ ವಿಧಿ ಮೊದಲು ನಡೆಯಿತು. ವಧೂವರರ ತಲೆಗೆ ಒಂದೇ ಬಿಳಿಯ ನೂಲಿನ ಎರಡು ಸುತ್ತುಗಳನ್ನು ತೊಡಿಸಿದರು. ಹಿರಿಯರು ಒಬ್ಬೊಬ್ಬರಾಗಿ ಬಂದು ಅವರ ಕೈಮೇಲೆ ಶಂಖದಿಂದ ನೀರೆರೆದರು. ನೂಲಿನ ಹೆಸರೇನೆಂದು ಅಜ್ಜ ಕೇಳಿದರು. “ಮೊಂಗ್‌ಖೋನ್” ಎಂದಳು ವಧುವಿನ ತಾಯಿ. ಅಜ್ಜ ಮೆಲ್ಲನೆ “ಮಂಗಲ” ಎಂದುಕೊಂಡು, ತಾವೇ ಎದ್ದು ಹೋಗಿ ಶಂಖವನ್ನು ಹಿಡಿದರು.

ಬಳಿಕ ಸಂಕಲ್ಪ. ಜಂಬೂದ್ವೀಪದವರೆಗೆ ಸರಾಗವಾಗಿ ನಡೆದ ವಾಕ್ಯವು ಅಲ್ಲಿ ನಿಂತಿತು. ಗೋದಾವರಿಯ ತೀರದಲ್ಲಿರುವೆನೆಂದು ಅಗ್ನಿಯ ಮುಂದೆ ಹೇಗೆ ಹೇಳುವುದು? ಕಿಟಕಿಯಾಚೆ ಮಣ್ಣಿನ ಬಣ್ಣದ ಹೊಳೆ ಹರಿಯುತ್ತಿತ್ತು. ಕ್ಷಣಕಾಲ ಅದನ್ನು ನೋಡಿ, “ಚಾವ್ ಫ್ರಾಯಾ ನದ್ಯಾಃ ಪೂರ್ವೇ ತೀರೇ” ಎಂದು ಸ್ಪಷ್ಟವಾಗಿ ಉಚ್ಚರಿಸಿದರು. ವಧುವಿಗೆ ಗೋತ್ರವಿಲ್ಲವೆಂದು ಯಾರೋ ಪಿಸುಗುಟ್ಟಿದರು. ಗೋತ್ರವನ್ನು ಅರಿಯದವರೆಲ್ಲರಿಗೂ ಕಾಶ್ಯಪರಿದ್ದಾರೆಂದು ಹೇಳಿ ಅಜ್ಜ ಮುಂದುವರಿದರು.

ಮಾನವಿಗೆ ಮರಳಿದ ಮೇಲೆ ನಿತ್ಯಪೂಜೆಯು ಎಂದಿನಂತೆಯೇ ನಡೆಯುತ್ತಿದೆ. ಗೋದಾವರಿಯ ಹೆಸರು ಬರುವಲ್ಲಿ ಮಾತ್ರ ಅವರ ಕಂಠ ಈಗ ತುಸು ತಡೆಯುತ್ತದೆ. ಮರೆವಿನಿಂದಲ್ಲವೆಂಬುದು ಅಜ್ಜಿಗೆ ತಿಳಿದಿದೆ.