ಬೀಗ ಬಿದ್ದ ದಿನಗಳಲ್ಲಿ ನಂದಿ ಬೆಟ್ಟದ ದಾರಿ

ನಂದಿ ಬೆಟ್ಟವನ್ನು ನೋಡದವರು ನಮ್ಮ ಓದುಗರಲ್ಲಿ ಕಡಿಮೆ ಇರಬಹುದು. ಶಾಲೆಯ ಪ್ರವಾಸದಲ್ಲೋ, ಮದುವೆಯಾದ ಹೊಸತರಲ್ಲೋ, ಮಕ್ಕಳು ಹಟ ಹಿಡಿದ ಭಾನುವಾರದಲ್ಲೋ ಒಮ್ಮೆಯಾದರೂ ಬಂದಿರುತ್ತೀರಿ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು. ಹೆಬ್ಬಾಳ, ಯಲಹಂಕ, ದೇವನಹಳ್ಳಿ ದಾಟಿ ಎಡಕ್ಕೆ ತಿರುಗಿದರೆ ದ್ರಾಕ್ಷಿ ತೋಟಗಳ ನಡುವೆ ದಾರಿ ಸಾಗುತ್ತದೆ. ಎದುರಿಗೆ ಮಲಗಿದ ಬಸವನ ಹಾಗೆ ಬೆಟ್ಟ. ಎತ್ತರ 1,478 ಮೀಟರು ಅಂತ ಪುಸ್ತಕದಲ್ಲಿ ಬರೆದಿದ್ದಾರೆ. ನಮಗೆ ಎತ್ತರ ಗೊತ್ತಾಗುವುದು ಬೆಳಗಿನ ಮಂಜಿನಲ್ಲಿ, ತುದಿ ಕಾಣದೆ ಹೋದಾಗ.

ನಾನು ಈ ಬೆಟ್ಟದ ಬುಡದವಳು. ಮದುವೆಯಾಗಿ ಬಂದಾಗಿನಿಂದ ಅಡಿಗೆಮನೆಯ ಕಿಟಕಿಯಿಂದ ಇದನ್ನೇ ನೋಡುತ್ತಾ ಅನ್ನ ಬಸಿದವಳು. ನಮ್ಮವರಿಗೆ ಒಂದೂವರೆ ಎಕರೆ ದ್ರಾಕ್ಷಿ ತೋಟ, ಒಂದು ಹಳೆಯ ಕಾರು. ಮನೆಯಲ್ಲಿ ಅತ್ತೆ, ಕಾಲೇಜಿಗೆ ಹೋಗುವ ಮಗ. ಶನಿವಾರ ಭಾನುವಾರ ಬೆಳಗಿನ ಜಾವ ನಾಲ್ಕಕ್ಕೇ ಮನೆ ಮುಂದಿನ ರಸ್ತೆಯಲ್ಲಿ ಕಾರು, ಬೈಕುಗಳ ಸಾಲು ಶುರುವಾಗುತ್ತೆ. ಸೂರ್ಯೋದಯ ನೋಡುವವರು! ನಮ್ಮತ್ತೆ ಹೇಳುತ್ತಿದ್ದರು, "ಅವರ ಊರಲ್ಲಿ ಸೂರ್ಯ ಹುಟ್ಟೋದಿಲ್ವೇನೇ?" ಅಂತ. ಆದರೆ ಅದೇ ಸಾಲನ್ನು ನಂಬಿಕೊಂಡು ಜೋಳ ಸುಡುವವರು, ಸೀಬೆಹಣ್ಣು ಕೊಯ್ದು ಉಪ್ಪು ಖಾರ ಹಚ್ಚಿ ಕೊಡುವವರು, ಟೀ ಅಂಗಡಿಯವರು ಎಷ್ಟೋ ಜನ ಬದುಕುತ್ತಾರೆ. ಬರುವವರನ್ನು ಕಂಡರೆ ನಮಗೆ ಆಗುವುದಿಲ್ಲ ಅಂತ ಮಾತ್ರ ತಿಳಿಯಬೇಡಿ.

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿಯವರು ಟೀವಿಯಲ್ಲಿ ಬಂದು 21 ದಿನದ ಲಾಕ್‌ಡೌನ್ ಹೇಳಿದರಲ್ಲ, ಮರುದಿನದಿಂದ ಆ ರಸ್ತೆ ಬರಿದಾಯಿತು. ನಮ್ಮ ಜಿಲ್ಲೆಯ ಗೌರಿಬಿದನೂರಿನಲ್ಲಿ ಆಗಲೇ ಕೊರೋನಾ ಕಾಣಿಸಿಕೊಂಡಿತ್ತು, ಹಾಗಾಗಿ ಊರವರಿಗೆ ಭಯವೂ ಬೇಗ ಹತ್ತಿತು. ತೋಟದಲ್ಲಿ ಹಣ್ಣು ಮಾಗಿ ಗೊಂಚಲು ಗೊಂಚಲಾಗಿ ತೂಗುತ್ತಿದೆ, ಕೊಳ್ಳುವವರು ಬರುವ ಹಾಗಿಲ್ಲ. ಹೂವಿನ ತೋಟದವರಂತೂ ಗುಲಾಬಿಯನ್ನು ಕಿತ್ತು ತಿಪ್ಪೆಗೆ ಸುರಿದರು. ಆ ಏಪ್ರಿಲ್‌ನಲ್ಲಿ ಬೆಟ್ಟ ಎಷ್ಟು ಚೆಂದ ಕಾಣುತ್ತಿತ್ತು ಗೊತ್ತೇ? ಹೊಗೆಯಿಲ್ಲ, ಧೂಳಿಲ್ಲ. ಪಕ್ಕದ ಸ್ಕಂದಗಿರಿಯ ಬಂಡೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ನೋಡಲು ಯಾರೂ ಇರಲಿಲ್ಲ. ತಿಂಡಿ ಕೊಡುವ ಕೈಗಳಿಲ್ಲದೆ ಕೋತಿಗಳು ಊರೊಳಗೆ ಇಳಿದು ಬಂದವು, ಅಷ್ಟೆ.

ಈಗ ನಾನು ಕೇಳಬೇಕೆಂದಿರುವ ಪ್ರಶ್ನೆಗೆ ಬರುತ್ತೇನೆ. ಇಂಥ ದಿನಗಳಲ್ಲಿ, ಸ್ವಂತ ಕಾರಿನಲ್ಲಿ, ಗಾಜು ಏರಿಸಿಕೊಂಡು, ಯಾರನ್ನೂ ಮುಟ್ಟದೆ, ಸುಮ್ಮನೆ ಮನಸ್ಸಿನ ಖುಷಿಗೆ ಒಂದು ಸುತ್ತು ಹೋಗಿ ಬಂದರೆ ತಪ್ಪೇ? ಕಾನೂನಿನ ಪ್ರಕಾರ ಆಗ ತಪ್ಪೇ. ಬೆಂಗಳೂರಿನಲ್ಲಿ ಕಾರಣವಿಲ್ಲದೆ ಹೊರಟ ಸಾವಿರಾರು ವಾಹನಗಳನ್ನು ಪೊಲೀಸರು ಹಿಡಿದಿಟ್ಟುಕೊಂಡರು. ಕಾನೂನನ್ನು ಬದಿಗಿಟ್ಟು ಕೇಳುತ್ತಿದ್ದೇನೆ. ಮನಸ್ಸಿಗೆ ಸರಿಯೇ, ಅಲ್ಲವೇ?

ಎರಡನೆಯ ಅಲೆಯಲ್ಲಿ ಈ ಪ್ರಶ್ನೆ ನಮ್ಮ ಮನೆ ಬಾಗಿಲಿಗೇ ಬಂತು. 2021ರ ಮೇ 10ರಿಂದ ರಾಜ್ಯದಲ್ಲಿ ಬಿಗಿಯಾದ ಲಾಕ್‌ಡೌನ್. ಬೆಳಿಗ್ಗೆ 6ರಿಂದ 10ರವರೆಗೆ ಅಂಗಡಿ, ಆಮೇಲೆ ಬಾಗಿಲು. ಜಿಲ್ಲೆಯಿಂದ ಜಿಲ್ಲೆಗೆ ಹೋಗಬೇಕಾದರೆ ತುರ್ತು ಕಾರಣ ಬೇಕು. ಆ ತಿಂಗಳ ಮಧ್ಯದಲ್ಲಿ ಬೆಂಗಳೂರಿನಿಂದ ನಾದಿನಿಯ ಫೋನು. ಏಳನೆಯ ಅಂತಸ್ತಿನಲ್ಲಿ ಅವರ ಮನೆ.

"ಅತ್ತಿಗೆ, ನಾಲ್ಕು ಗೋಡೆ ನೋಡಿ ನೋಡಿ ತಲೆ ಕೆಟ್ಟು ಹೋಗಿದೆ. ಭಾನುವಾರ ಬೆಳಗಿನ ಜಾವ ಹೊರಟು ಬರ್ತೀವಿ. ಮನೆ ಒಳಗೆ ಕಾಲಿಡಲ್ಲ. ಕಾರಿನಿಂದಲೇ ಅಮ್ಮನ ಮುಖ ನೋಡಿ, ಬೆಟ್ಟದ ಬುಡದಲ್ಲಿ ಒಂದು ಸುತ್ತು ಹಾಕಿ ವಾಪಸು ಹೋಗ್ತೀವಿ. ಚೆಕ್‌ಪೋಸ್ಟಿಗೆ ತೋರಿಸಕ್ಕೆ ಇವರ ಹಳೇ ಆಸ್ಪತ್ರೆ ಚೀಟಿ ಇದೆ."

ಅವಳ ಮಗಳು ಓದಲು ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಗಿದ್ದಳು. ಅಲ್ಲಿ ಹಿಂದಿನ ವರ್ಷ ಮೇ 13ರಿಂದಲೇ ಗಾಳಿ ಸೇವನೆಗೆ, ವ್ಯಾಯಾಮಕ್ಕೆ ಎಷ್ಟು ದೂರ ಬೇಕಾದರೂ ಕಾರಿನಲ್ಲಿ ಹೋಗಬಹುದು ಅಂತ ಸರಕಾರವೇ ಹೇಳಿತ್ತಂತೆ. "ಅಲ್ಲಿ ಸರಿಯಾದದ್ದು ಇಲ್ಲಿ ಯಾಕೆ ತಪ್ಪು ಅತ್ತಿಗೆ?" ಅಂದಳು. ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಆ ಹುಡುಗಿಯೇ ಇನ್ನರ್ಧ ಕಥೆ ಹೇಳಿದಳು. ಬ್ರಿಸ್ಟಲ್ ಪಕ್ಕದ ಸೇತುವೆ ದಾಟಿದರೆ ವೇಲ್ಸ್. ಅಲ್ಲಿಯ ಸರಕಾರ, ನಿಮ್ಮ ಊರಿನ ಸುತ್ತಮುತ್ತಲೇ ಇರಿ ಅಂತ ಹೇಳಿ, ಅಂದಾಜಿಗೆ ಐದು ಮೈಲಿಯ ಮಿತಿ ಇಟ್ಟು, ಜುಲೈ ಮೊದಲ ವಾರದವರೆಗೂ ಅದನ್ನು ಸಡಿಲಿಸಲಿಲ್ಲ. ಒಂದೇ ಕಾರು, ಒಂದೇ ಬೆಳಗು. ಸೇತುವೆಯ ಈ ಕಡೆ ಸರಿ, ಆ ಕಡೆ ತಪ್ಪು. ವೇಲ್ಸ್‌ನ ಬೆಟ್ಟದ ಬುಡದಲ್ಲೂ ನನ್ನಂಥವಳು ಒಬ್ಬಳು ಕಿಟಕಿಯಲ್ಲಿ ನಿಂತಿರಬೇಕು ಅನ್ನಿಸಿತು.

ನಾದಿನಿಯ ಸಂಕಟ ಸುಳ್ಳಲ್ಲ. ಗಂಡಸರಿಗೆ ಹಾಲು, ತರಕಾರಿ, ಔಷಧಿ ಅಂತ ಹೊರಗೆ ಹೋಗುವ ನೆಪವಿತ್ತು. ಎಷ್ಟು ಮನೆಗಳಲ್ಲಿ ಹೆಂಗಸರು ಎರಡು ತಿಂಗಳು ಗೇಟಿನ ಆಚೆ ಕಾಲಿಡಲಿಲ್ಲ, ನೀವೇ ಲೆಕ್ಕ ಹಾಕಿ. ಎಲ್ಲರೂ ಮನೆಯಲ್ಲೇ, ಮೂರು ಹೊತ್ತೂ ಅಡಿಗೆ, ಮಧ್ಯೆ ಕಾಫಿ ತಿಂಡಿ, ಪಾತ್ರೆ ತೊಳೆಯುವವಳೂ ಬರುವ ಹಾಗಿಲ್ಲ. ಗಾಳಿ ಬದಲಾವಣೆ ಅನ್ನುವುದು ಶೋಕಿಯಲ್ಲ. 1927ರಲ್ಲಿ ಗಾಂಧೀಜಿಯವರೇ ಕಾಯಿಲೆ ಬಿದ್ದು ಸುಧಾರಿಸಿಕೊಳ್ಳಲು ಈ ಬೆಟ್ಟಕ್ಕೆ ಬಂದು ಉಳಿದಿದ್ದರು. ಖುಷಿ ಬೇಡುವುದೇ ಪಾಪ ಅಂತ ಹೇಳುವವರ ಜೊತೆ ನಾನಿಲ್ಲ.

ಆದರೂ ಅವಳಿಗೆ ಬೇಡ ಅಂದೆ. ಯಾಕೆ ಅಂತ ಹೇಳಬೇಕಾದರೆ ಅದಕ್ಕೆ ಒಂದು ವಾರದ ಹಿಂದಿನ ಮಾತು ಹೇಳಬೇಕು.

ಒಂದು ಬೆಳಿಗ್ಗೆ ಎಂಟರ ಹೊತ್ತಿಗೆ ನಮ್ಮ ಮನೆಯ ಮುಂದೆ ಒಂದು ಕಾರು ನಿಂತಿತು. ಬೆಂಗಳೂರಿನವರು. ಮುಖಕ್ಕೆ ಮಾಸ್ಕು ಕಟ್ಟಿಕೊಂಡ ಹೆಂಗಸು, ಕೈಯಲ್ಲಿ ಐದಾರು ವರ್ಷದ ಹುಡುಗಿ. ಬೆಟ್ಟದ ಗೇಟು ಮುಚ್ಚಿದೆ, ಹೋಟೆಲು ಮುಚ್ಚಿವೆ. ಗಂಡಸರಿಗಾದರೆ ರಸ್ತೆಯ ಬದಿ ಸಾಕು. ಆ ತಾಯಿ ನಾಚಿಕೊಂಡು, "ಸ್ವಲ್ಪ ಬಾತ್‌ರೂಮು..." ಅಂದಳು. ಕಾರಿನಲ್ಲಿ ಕೂತು ಯಾರನ್ನೂ ಮುಟ್ಟುವುದಿಲ್ಲ ಅನ್ನುವ ಮಾತು ಎಲ್ಲಿಯವರೆಗೆ ನಡೆಯುತ್ತೆ ಅಂತ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಗಂಟೆ ನಡೆಯುತ್ತೆ, ಮಕ್ಕಳಿದ್ದರೆ ಒಂದು ಗಂಟೆ.

ಒಳಗೆ ಅತ್ತೆ. ಎಪ್ಪತ್ತೆಂಟು ವಯಸ್ಸು, ಉಬ್ಬಸ ಬೇರೆ. ಆಗ ಅವರಿಗೆ ಒಂದೇ ಡೋಸು ಲಸಿಕೆ ಆಗಿತ್ತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಜನ ಸತ್ತ ಸುದ್ದಿ ಕೇಳಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಎದುರಿಗೆ ಮೈ ಮುದುರಿಕೊಂಡು ನಿಂತ ಮಗು. ಏನು ಮಾಡುತ್ತಿದ್ದಿರಿ ನೀವು? ಮನೆಯ ಪಕ್ಕದ ಓಣಿಯಿಂದ ಹಿತ್ತಲಿಗೆ ಕಳಿಸಿ, ಬಚ್ಚಲಿನ ಬಾಗಿಲು ತೆಗೆದುಕೊಟ್ಟೆ. ಒಂದು ಚೊಂಬು ನೀರು ಕಟ್ಟೆಯ ಮೇಲಿಟ್ಟು ದೂರ ನಿಂತೆ. ಆಕೆ ಹೋಗುವಾಗ ಕೈಮುಗಿದು, "ಮಗು ಇಪ್ಪತ್ತು ದಿನದಿಂದ ಹೊರಗೆ ಬಂದಿರಲಿಲ್ಲ ಅಕ್ಕಾ, ರಾತ್ರಿಯೆಲ್ಲ ಅಳ್ತಿತ್ತು" ಅಂದಳು. ಆಕೆಯ ಮೇಲೆ ನನಗೆ ಕೋಪ ಬರಲಿಲ್ಲ. ಅವರು ಹೋದ ಮೇಲೆ ಬಿಸಿನೀರು, ಫಿನಾಯಿಲು ಹಾಕಿ ಬಚ್ಚಲು ಉಜ್ಜಿದೆ. ಹದಿನಾಲ್ಕು ದಿನ ಅತ್ತೆ ಕೆಮ್ಮಿದಾಗಲೆಲ್ಲ ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಏನೂ ಆಗಲಿಲ್ಲ. ಆ ಕಾರಿನವರು ಮನೆಗೆ ಹೋಗಿ, "ಯಾರನ್ನೂ ಮುಟ್ಟಲಿಲ್ಲ, ಆರಾಮಾಗಿ ಹೋಗಿ ಬಂದ್ವಿ" ಅಂತಲೇ ಹೇಳಿರುತ್ತಾರೆ. ಅವರ ಮಟ್ಟಿಗೆ ಅದು ನಿಜವೇ. ಹದಿನಾಲ್ಕು ದಿನದ ಲೆಕ್ಕ ಬಿದ್ದದ್ದು ನನ್ನ ಪಾಲಿಗೆ.

ಇನ್ನು ಆ ಆಸ್ಪತ್ರೆ ಚೀಟಿಯ ವಿಚಾರ. ನಮ್ಮ ಬೀದಿಯ ಒಬ್ಬರು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬೆಂಗಳೂರಿಗೆ ಹೋಗಬೇಕು. ಅವರ ಹೆಂಡತಿ ನನ್ನ ಹತ್ತಿರ ಬಂದು ಅತ್ತಿದ್ದಳು. ಚೆಕ್‌ಪೋಸ್ಟಿನಲ್ಲಿ ಪ್ರತಿ ಸಲವೂ ಚೀಟಿ ತಿರುಗಿಸಿ ತಿರುಗಿಸಿ ನೋಡುತ್ತಾರೆ, ಅರ್ಧ ಗಂಟೆ ನಿಲ್ಲಿಸುತ್ತಾರೆ, ಇವರ ಕಾಲು ಊದಿದ್ದನ್ನು ತೋರಿಸಿದ ಮೇಲೇ ಬಿಡುತ್ತಾರೆ ಅಂತ. ನಿಲ್ಲಿಸುವವರನ್ನು ಬೈದು ಏನು ಪ್ರಯೋಜನ? ಬೆಳಗಿನಿಂದ ಹತ್ತು ಸುಳ್ಳು ಚೀಟಿ ನೋಡಿದವರಿಗೆ ಹನ್ನೊಂದನೆಯ ನಿಜದ ಚೀಟಿಯೂ ಸುಳ್ಳಾಗಿಯೇ ಕಾಣುತ್ತೆ. ನಾದಿನಿಗೆ ಈ ಮಾತು ಹೇಳಿದಾಗ ಅವಳು ಸುಮ್ಮನಾದಳು. ಆಮೇಲೆ, "ಅಮ್ಮನಿಗೆ ಫೋನ್ ಕೊಡಿ" ಅಂದಳು. ಅತ್ತೆ ಫೋನಿನಲ್ಲಿ, "ಅವಳು ಹೇಳಿದ್ದು ಸರಿಯಮ್ಮ, ಈಗ ಬೇಡ" ಅಂದರು. ಫೋನು ಇಟ್ಟ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹಿತ್ತಲಿಗೆ ಹೋದರು. ಮಗಳ ಮುಖ ನೋಡದೆ ಆಗಲೇ ಆರು ತಿಂಗಳಾಗಿತ್ತು. ಆ ರಾತ್ರಿ ನಮ್ಮವರೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನಾದಿನಿಯಂತೂ ಫೋನು ಮಾಡಿದರೆ ಅಮ್ಮನ ಜೊತೆ ಮಾತಾಡಿ ಇಟ್ಟುಬಿಡುತ್ತಿದ್ದಳು.

ಹಾಗಾದರೆ ಎಲ್ಲೂ ಹೋಗಲೇಬಾರದಿತ್ತೇ ಅಂತ ನೀವು ಕೇಳಬಹುದು. ನನ್ನ ಲೆಕ್ಕ ಇಷ್ಟು. ನಿಯಮ ಸಡಿಲಿಸಿದ ದಿನಗಳಲ್ಲಿ, ನಮ್ಮದೇ ಊರಿನ ಎಲ್ಲೆಯೊಳಗೆ, ಅರ್ಧ ಗಂಟೆ, ಮತ್ತೆ ಮನೆಯ ಬಚ್ಚಲಿಗೇ ಬರುವಷ್ಟು ದೂರ ಹೋಗಿ ಬಂದರೆ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆ ಜೂನ್ 14ರಿಂದ ನಮ್ಮ ಜಿಲ್ಲೆಯಲ್ಲಿ ಬಿಗಿ ಸಡಿಲವಾದಾಗ ನಾವೂ ಅತ್ತೆಯನ್ನು ಕಾರಿನಲ್ಲಿ ಕೂಡಿಸಿಕೊಂಡು ಭೋಗನಂದೀಶ್ವರನ ದೇವಸ್ಥಾನದ ಗೋಪುರದವರೆಗೆ ಹೋಗಿ, ಗಾಜು ಇಳಿಸಿ, ಕೈಮುಗಿಸಿ ಕರೆದುಕೊಂಡು ಬಂದೆವು. ಅತ್ತೆಗೆ ಅದೇ ಕಾಶಿ ಯಾತ್ರೆಯಾಯಿತು. ಆದರೆ ಖುಷಿ ನನ್ನದು, ಭಯ ಇನ್ನೊಬ್ಬರ ಊರಿನದು ಅಂತಾದರೆ ಆ ಸವಾರಿ ನನಗೆ ಒಪ್ಪಿಗೆಯಿಲ್ಲ, ಕಾರಿನ ಗಾಜು ಎಷ್ಟೇ ಏರಿಸಿರಲಿ.

ನಿರ್ಬಂಧ ತೆಗೆದ ಕೂಡಲೇ ಏನಾಯಿತು ಅಂತ ಪತ್ರಿಕೆಯಲ್ಲಿ ನೀವೂ ನೋಡಿರುತ್ತೀರಿ. ಕಟ್ಟಿಹಾಕಿದ್ದ ಜನವೆಲ್ಲ ಒಟ್ಟಿಗೆ ಬೆಟ್ಟಕ್ಕೆ ನುಗ್ಗಿ, ಬುಡದವರೆಗೂ ವಾಹನಗಳು ಸಿಕ್ಕಿಕೊಂಡು, ಜುಲೈನಲ್ಲಿ ಜಿಲ್ಲಾಡಳಿತ ವಾರಾಂತ್ಯಕ್ಕೆ ಪ್ರವೇಶವನ್ನೇ ನಿಲ್ಲಿಸಿತು. ಆಗಸ್ಟ್ ಕೊನೆಯ ವಾರ ಜೋರು ಮಳೆಗೆ ಗುಡ್ಡ ಕುಸಿದು ಮೇಲಿನ ರಸ್ತೆಯೇ ಕೊಚ್ಚಿಹೋಯಿತು, ಮತ್ತೆ ಕೆಲವು ತಿಂಗಳು ಬೀಗ. ಜೋಳದ ಅಜ್ಜಿ ಪಾಪ, ನಮ್ಮ ತೋಟಕ್ಕೆ ಕೂಲಿಗೆ ಬಂದಳು.

ಈಗ ಬರುವವರಿಗೆ ನನ್ನ ಸಲಹೆ, ವಾರದ ನಡುವೆ ಬನ್ನಿ. ನೇರವಾಗಿ ಮೇಲೆ ಓಡಬೇಡಿ. ಕೆಳಗೆ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ, ಉಮಾಮಹೇಶ್ವರ, ಅರುಣಾಚಲೇಶ್ವರ ಮೂರೂ ಗುಡಿ ಒಂದೇ ಪ್ರಾಕಾರದಲ್ಲಿವೆ, ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ದೊಡ್ಡ ಕಲ್ಯಾಣಿ ಇದೆ. ಕಲ್ಲಿನ ಕೆತ್ತನೆ ನೋಡಲು ಅರ್ಧ ದಿನ ಸಾಲದು. ಹತ್ತಿರವೇ ಮುದ್ದೇನಹಳ್ಳಿ, ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಬುತ್ತಿಗೆ ಗೊಜ್ಜವಲಕ್ಕಿ ಒಳ್ಳೆಯದು, ಬೇಗ ಹಳಸುವುದಿಲ್ಲ. ಗಟ್ಟಿ ಅವಲಕ್ಕಿಯನ್ನು ರವೆಯ ಹಾಗೆ ಕುಟ್ಟಿ, ಹುಣಸೆ ರಸ, ಬೆಲ್ಲ, ಸಾರಿನ ಪುಡಿ, ಉಪ್ಪು ಹಾಕಿ ನೆನೆಸಿ, ಕಡಲೆಕಾಯಿ ಬೀಜ, ಕರಿಬೇವಿನ ಒಗ್ಗರಣೆ ಕೊಟ್ಟು ಕೊಬ್ಬರಿ ತುರಿ ಉದುರಿಸಿದರೆ ಆಯಿತು. ಮೇಲೆ ಡಬ್ಬಿ ತೆಗೆಯುವಾಗ ಮಾತ್ರ ಕೋತಿಗಳನ್ನು ನೋಡಿಕೊಂಡು ತೆಗೆಯಿರಿ.

ನಾದಿನಿ ಬಂದದ್ದು 2022ರ ಮಾರ್ಚ್‌ನಲ್ಲಿ, ಶಿವರಾತ್ರಿ ಕಳೆದ ಮೇಲೆ. ಮೊದಲು ಅಮ್ಮನನ್ನು ತಬ್ಬಿಕೊಂಡು ಬಹಳ ಹೊತ್ತು ಕೂತಳು. ನಾನು ಕಾಫಿ ಕೊಟ್ಟರೆ ಲೋಟ ತೆಗೆದುಕೊಂಡಳು, ಮುಖ ನೋಡಲಿಲ್ಲ. ಊಟವಾದ ಮೇಲೆ ತೋಟಕ್ಕೆ ಹೋಗಿ ಅಣ್ಣನ ಜೊತೆ ಎರಡು ಬಾಕ್ಸ್ ದ್ರಾಕ್ಷಿ ಕೊಯ್ದುಕೊಂಡು ಬಂದಳು. ಹೊರಡುವ ಹೊತ್ತಿಗೆ, ಕಾರಿನ ಬಾಗಿಲು ತೆಗೆದವಳು ತಿರುಗಿ ಬಂದು, "ಒಂದ್ನಿಮಿಷ ಅತ್ತಿಗೆ, ದಾರಿ ದೂರ" ಅಂತ ಹಿತ್ತಲಿನ ಬಚ್ಚಲ ಕಡೆಗೆ ನಡೆದಳು. ನನಗೆ ನಗು ತಡೆಯಲಾಗಲಿಲ್ಲ. ಹೊರಗೆ ಬಂದವಳು ನನ್ನ ನಗು ನೋಡಿ ತಾನೂ ನಕ್ಕುಬಿಟ್ಟಳು.