ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ?

ಜೀಡಿಮೆಟ್ಲಾಕ್ಕೆ ಬಂದು ಇಪ್ಪತ್ತಾರು ವರ್ಷ ಆಯ್ತು. ಲೇತ್, ಪ್ರೆಸ್, ಬಾಯ್ಲರ್ ಅಂತ ಬ್ಯಾಂಕಿನಲ್ಲಿ ಎಷ್ಟೋ ಕೊಟೇಶನ್ ನೋಡಿದ್ದೇನೆ. ಮೊನ್ನೆ ಫ್ಲಾರಿಡಾದಿಂದ ಮಗ ಕಳಿಸಿದ ಕೊಟೇಶನ್ ಮಾತ್ರ ನಿದ್ದೆ ಕೆಡಿಸಿತು.

ಅವನೂ ಅವನ ಗೆಳೆಯನೂ ಸೇರಿ ಒಂದು ಹಳೇ ಹಾಯಿದೋಣಿ ಕೊಂಡಿದ್ದಾರೆ. ಅದಕ್ಕೆ ಸೆಂಟರ್‌ಬೋರ್ಡ್ ಇದೆ. ಅಂದರೆ ತಳದಿಂದ ನೀರಿಗೆ ಇಳಿಸಿ, ಬೇಕಾದಾಗ ಎತ್ತಿಕೊಳ್ಳುವ ಹಲಗೆ. ಆಳ ಕಡಿಮೆ ಇದ್ದಲ್ಲೂ ದೋಣಿ ಹೋಗುತ್ತೆ. ಮುಂದಿನ ವರ್ಷ ಇಬ್ಬರೇ ಬರ್ಮುಡಾಕ್ಕೆ ಹೊರಡುತ್ತಾರಂತೆ! ಹಗಲೂ ರಾತ್ರಿ ಚುಕ್ಕಾಣಿ ಹಿಡಿದು ಕೂರೋಕಾಗಲ್ಲ, ಅದಕ್ಕೆ ವಿಂಡ್‌ವೇನ್ ಬೇಕು. "ಅಪ್ಪಾ, ಎರಡರಲ್ಲಿ ಯಾವುದು ತಗೊಳ್ಳಲಿ?"

ಬಿಕಾಂ ಓದಿದವನಿಗೆ ಹಾಯಿ ಏನು ಗೊತ್ತು? ನಾನು ಹೊನ್ನಾವರದವನು ನಿಜ. ಆದರೆ ಶರಾವತಿ ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿ ಕೇಳುತ್ತಲೇ ಬೆಳೆದವನು. ಬೇಡ ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ, ಓದಿದೆ.

ಈ ಯಂತ್ರಕ್ಕೆ ಕರೆಂಟು ಬೇಡ. ದೋಣಿಯ ಹಿಂಬದಿಯಲ್ಲಿ ನಿಂತ ಹಗುರ ಪಟ್ಟಿ ಗಾಳಿಯ ದಿಕ್ಕು ಹಿಡಿಯುತ್ತೆ. ದೋಣಿ ತಿರುಗಿದರೆ ಪಟ್ಟಿ ವಾಲುತ್ತೆ. ಮೊದಲನೇ ಬಗೆಯಲ್ಲಿ, ಮಾನಿಟರ್, ಏರೀಸ್ ಅಂಥವುಗಳಲ್ಲಿ, ನೀರಲ್ಲಿರುವ ಅಲಗು ಪಕ್ಕಕ್ಕೆ ತೂಗಿ ಹಗ್ಗದಿಂದ ದೋಣಿಯದೇ ಚುಕ್ಕಾಣಿ ಎಳೆಯುತ್ತೆ. ಎರಡನೇ ಬಗೆ ಹೈಡ್ರೋವೇನ್. ಅದಕ್ಕೆ ತನ್ನದೇ ಪುಟ್ಟ ಚುಕ್ಕಾಣಿ. ದೊಡ್ಡದು ಮುರಿದರೂ ಇದಿರುತ್ತೆ. ಸಾಲಕ್ಕೆ ಅಡಮಾನ ಇದ್ದ ಹಾಗೆ! ನನ್ನ ಓಟು ಅದಕ್ಕೇ.

ನಮ್ಮ ಇಂಡಸ್ಟ್ರಿಯಲ್ ಏರಿಯಾದ ಲೇತ್ ಅಂಗಡಿಯವರೊಬ್ಬರಿಗೆ ಚಿತ್ರ ತೋರಿಸಿದೆ. ಬೆಲೆ ಕೇಳಲಿಲ್ಲ. "ಪಾಡೈತೆ ಎವರು ಬಾಗು ಚೇಸ್ತಾರು ಸಾರ್?" ಅಂದರು. ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ?

ಆಗ ಅಭಿಲಾಷ್ ಟೋಮಿ ನೆನಪಾದರು. 2018ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಕೂವೆ ಮುರಿದು, ಬೆನ್ನು ಮುರಿದುಕೊಂಡು ಮಲಗಿದ್ದ ನಮ್ಮ ನೌಕಾಪಡೆಯವರು. 2022ರಲ್ಲಿ ಮತ್ತೆ ಹೊರಟರು. ಆ ರೇಸಿನಲ್ಲಿ ಎಲೆಕ್ಟ್ರಿಕ್ ಆಟೋಪೈಲಟ್ ಬಳಸುವಂತಿಲ್ಲ, ವಿಂಡ್‌ವೇನೇ ಗತಿ. ಅದು ಕೈಕೊಟ್ಟಾಗ ಟಾಯ್ಲೆಟ್ ಬಾಗಿಲನ್ನೇ ಕತ್ತರಿಸಿ ಬಿಡಿಭಾಗ ಮಾಡಿಕೊಂಡರು. 2023ರ ಏಪ್ರಿಲ್ 29ರಂದು ಎರಡನೆಯವರಾಗಿ ದಡ ಸೇರಿದರು.

ರಾತ್ರಿ ಮಗನಿಗೆ ಫೋನು ಮಾಡಿ ಹೇಳಿದೆ. "ಮೊದಲನೇದು ತಗೋ. ಆಳ ಕಡಿಮೆ ಇದ್ದಲ್ಲಿ ನೀನು ಸೆಂಟರ್‌ಬೋರ್ಡ್ ಎತ್ತಿದರೂ ಆ ಇನ್ನೊಂದು ಚುಕ್ಕಾಣಿ ಕೆಳಗೇ ಇರುತ್ತೆ, ನೆಲಕ್ಕೆ ತಾಗಬಹುದು. ಇದರ ಅಲಗನ್ನು ಮೇಲಕ್ಕೆತ್ತಿ ಕಟ್ಟಬಹುದು, ಮುರಿದರೆ ಮರದಲ್ಲಿ ಕೆತ್ತಬಹುದು. ಉಳಿದ ದುಡ್ಡಿಗೆ ಒಂದು ತುರ್ತು ಚುಕ್ಕಾಣಿ, ಎರಡು ಅಲಗು, ಒಂದು ಸುರುಳಿ ಹಗ್ಗ ತಗೋ. ಮೊದಲು ಹಾಯಿ ಕುಗ್ಗಿಸಿ, ಬೋರ್ಡ್ ಹಿಂದೆ ಮುಂದೆ ಮಾಡಿ ದೋಣಿಯನ್ನು ಹದಕ್ಕೆ ತಾ. ಹದ ಇಲ್ಲದ ದೋಣಿಯನ್ನು ಯಾವ ಯಂತ್ರವೂ ನಡೆಸಲ್ಲ. ಗಾಳಿ ತಿರುಗಿದರೆ ದೋಣಿಯೂ ತಿರುಗುತ್ತೆ, ದಿಕ್ಸೂಚಿ ನೋಡ್ತಾ ಇರು."

ಆ ಕಡೆ ಮೌನ. "ಅಪ್ಪಾ, ಹೋಗಬೇಡ ಅಂತೀಯ ಅಂದ್ಕೊಂಡಿದ್ದೆ."

ಏನು ಹೇಳಲಿ? ಗಂಟಲು ಕಟ್ಟಿತು.

"ದೋಣೀದು ಟಾಯ್ಲೆಟ್ ಬಾಗಿಲು ಪ್ಲೈವುಡ್ಡಾ, ಪ್ಲಾಸ್ಟಿಕ್ಕಾ?" ಅಂತ ಕೇಳಿದೆ.